ಕೋಡ್ 10ಗೆ ಫಾರ್ಮ್ಯಾಟ್ ಮದ್ದಲ್ಲ, ನಾನು ಮಾಡಿ ಕೆಟ್ಟವನು

ನಿನ್ನೆವರೆಗೆ ಓಡ್ತಿದ್ದ ಯುಎಸ್‌ಬಿ ಸೀರಿಯಲ್ ಕೇಬಲ್‌ಗೆ (ಹಳೇ ಪೋರ್ಟಿನ ಯಂತ್ರವನ್ನ ಯುಎಸ್‌ಬಿಗೆ ಜೋಡಿಸೋ ಕೇಬಲ್) ಇವತ್ತು ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ಕೋಡ್ 10 ಅನ್ನೋ ದೋಷ. ಲೇಟೆಸ್ಟ್ ಡ್ರೈವರ್ (ಕೇಬಲ್ ಓಡಿಸೋಕೆ ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್) ಹುಡುಕಲಾ, ಇಲ್ಲ ವಿಂಡೋಸ್ ಫಾರ್ಮ್ಯಾಟ್ ಮಾಡಿಬಿಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ.

ಒಂದು ಕಾಲದಲ್ಲಿ ನಾನು ಮಂಡ್ಯದಲ್ಲಿ ಚಿಕ್ಕದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೆ. ಕಬ್ಬು ಕಡಿಯೋ ಕಾಲ. ಬೆಳಗ್ಗೆ ಆರೂವರೆಗೆ ವೇಬ್ರಿಡ್ಜ್ (ಲೋಡ್ ಗಾಡಿ ತೂಗೋ ಕಾಟಾ) ಇಟ್ಟಿದ್ದ ಗೌಡರ ಫೋನು. "ರಾತ್ರಿ ಗಂಟ ಚೆನ್ನಾಗೇ ಇತ್ತು ಕಣಪ್ಪಾ, ಈಗ ತೂಕನೇ ಬತ್ತಿಲ್ಲ." ಹೋದರೆ ಹೊರಗೆ ಏಳು ಟ್ರ್ಯಾಕ್ಟರ್ ಸಾಲುಗಟ್ಟಿವೆ. ತೂಕದ ಡಬ್ಬಿಯಲ್ಲಿ ಕೆಂಪು ಅಂಕಿ ಸರಿಯಾಗೇ ಇದೆ, ಕಂಪ್ಯೂಟರ್‌ನಲ್ಲಿ ಮಾತ್ರ ಸೊನ್ನೆ. ಡಬ್ಬಿಯ ಹಿಂದೆ ಇರೋದು ಹಳೇ ಕಾಲದ ಒಂಬತ್ತು ಪಿನ್ನಿನ ಪೋರ್ಟ್. ಗೌಡರ ಹೊಸ ಪಿಸಿಯಲ್ಲಿ ಅದಿಲ್ಲ. ಹಾಗಾಗಿ ಮಧ್ಯೆ ನಿಮ್ಮದರಂಥದ್ದೇ ಒಂದು ಕೇಬಲ್. ಡಿವೈಸ್ ಮ್ಯಾನೇಜರ್ ತೆಗೆದೆ. ಕೋಡ್ 10.

ಟ್ರ್ಯಾಕ್ಟರ್ ಹುಡುಗನೊಬ್ಬ ಕಿಟಕಿಯಲ್ಲಿ ತಲೆ ತೂರಿಸಿ "ಬಿರ್ರನೆ ಮಾಡಿ ಸಾ, ಕಬ್ಬು ಒಣಗ್ತಾ ಅದೆ" ಅಂದ. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ತೂಕ ಇಳಿಯುತ್ತೆ, ಅವನದೇನೂ ತಪ್ಪಿಲ್ಲ. ನಾನು "ಗೌಡ್ರೇ, ವಿಂಡೋಸ್ ಕೆಟ್ಟಿದೆ, ಒಂದು ಗಂಟೆ ಕೊಡಿ" ಅಂದವನೇ ಪೆನ್‌ಡ್ರೈವ್ ಚುಚ್ಚಿ ಸಿ ಡ್ರೈವ್ ಅಳಿಸಿಬಿಟ್ಟೆ.

ಹೊಸ ವಿಂಡೋಸ್ ಕೂತಿತು. ನೆಟ್ ಸಿಕ್ಕ ಕೂಡಲೇ ತಾನೇ ಡ್ರೈವರ್ ಎಳೆದುಕೊಂಡಿತು. ಮತ್ತೆ ಕೋಡ್ 10.

ಈಗ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಾನು ಕೆಟ್ಟಿದ್ದು ಇಲ್ಲೇ. ಡ್ರೈವರ್ ಇಲ್ಲದಿದ್ದರೆ ಬರೋದು ಕೋಡ್ 28. ಆಗ ಡ್ರೈವರ್ ಹುಡುಕೋದರಲ್ಲಿ ಅರ್ಥ ಇದೆ. ಕೋಡ್ 10 ಅಂದ್ರೆ ಡ್ರೈವರ್ ಇದೆ, ಆದರೆ ಡಿವೈಸ್ ಶುರುವಾಗ್ತಿಲ್ಲ ಅಂತ. ಈ ಕೇಬಲ್‌ಗಳ ಕಥೆ ಏನಂದ್ರೆ, ಕೆಲವು ಚಿಪ್‌ಗಳ ಹೊಸ ಡ್ರೈವರ್ ಹಳೇ ಚಿಪ್ಪನ್ನೂ ನಕಲಿ ಚಿಪ್ಪನ್ನೂ ಗುರುತು ಹಿಡಿದು ಬೇಕಂತಲೇ ನಿಲ್ಲಿಸಿಬಿಡುತ್ತೆ. ರಾತ್ರಿ ಗೌಡರು ಮಲಗಿದ್ದಾಗ ವಿಂಡೋಸ್ ಅಪ್‌ಡೇಟ್ ಅಂಥ ಹೊಸ ಡ್ರೈವರ್ ಹಾಕಿತ್ತು. ಹಳೇ ಡ್ರೈವರ್ ಇನ್ನೂ ಅದೇ ಡಿಸ್ಕ್‌ನಲ್ಲಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕೇಬಲ್‌ನ ಪ್ರಾಪರ್ಟೀಸ್‌ಗೆ ಹೋಗಿ, ಡ್ರೈವರ್ ಟ್ಯಾಬ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿದ್ದರೆ ಅರ್ಧ ನಿಮಿಷದ ಕೆಲಸ. ಅಲ್ಲೇ ಇರೋ ಈವೆಂಟ್ಸ್ ಟ್ಯಾಬ್ ನೋಡಿದ್ದರೆ ಯಾವ ಡ್ರೈವರ್ ಎಷ್ಟು ಹೊತ್ತಿಗೆ ಬಂತು ಅಂತಲೂ ಬರೆದಿರುತ್ತಿತ್ತು. ನಾನು ಆ ಟ್ಯಾಬ್ ತೆಗೆಯಲೇ ಇಲ್ಲ. ಕೆಲಸಕ್ಕೆ ಬರುತ್ತಿದ್ದ ಡ್ರೈವರ್, ಏನಾಯ್ತು ಅಂತ ಹೇಳೋ ದಾಖಲೆ, ಎರಡನ್ನೂ ನನ್ನ ಕೈಯಾರೆ ಅಳಿಸಿದ್ದೆ.

ಅದಾದ ಮೇಲೆ ಕೇಬಲ್ ಮೇಲೇ ಅನುಮಾನ ಬಂತು. ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದ್ದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಕೇಬಲ್ ಚುಚ್ಚಿದೆ. ಲಿನಕ್ಸ್ ಯಾವ ತಕರಾರೂ ಇಲ್ಲದೆ ಪೋರ್ಟ್ ತೋರಿಸಿತು. ಕೇಬಲ್ ಗಟ್ಟಿಯಾಗೇ ಇದೆ. ಮೈಸೂರಿನ ಗೆಳೆಯನ ಅಂಗಡಿಯಲ್ಲಿ ನೆಟ್ ಇಲ್ಲದ ಹಳೇ ಪಿಸಿ ಇತ್ತು, ಅದರಲ್ಲಿ ಹಳೇ ಡ್ರೈವರ್ ಇತ್ತು. ಅವನು ಕಾಪಿ ಮಾಡಿ ಮೇಲ್ ಹಾಕಿದ. ಅಪ್‌ಡೇಟ್ ಡ್ರೈವರ್ ಒತ್ತಿ, ವಿಂಡೋಸ್‌ಗೆ ಹುಡುಕೋಕೆ ಬಿಡದೆ, ಪಟ್ಟಿಯಿಂದ ನಾನೇ ಹಳೇದನ್ನ ಆರಿಸಿದೆ. ಹಳದಿ ಗುರುತು ಹೋಯ್ತು.

ಕಥೆ ಅಲ್ಲಿಗೇ ಮುಗೀಲಿಲ್ಲ. ತೂಕದ ಜಾಗದಲ್ಲಿ ಕಸದ ಅಕ್ಷರ ಬರತೊಡಗಿದವು. ಡಬ್ಬಿ ಕಳಿಸ್ತಿದ್ದದ್ದು 2400 ಬಾಡ್‌ನಲ್ಲಿ (ಬಾಡ್ ಅಂದ್ರೆ ಡೇಟಾ ಕಳಿಸೋ ವೇಗ), ನಾನು ಕೊಟ್ಟಿದ್ದು 9600. ಹಳೇ ಸೆಟ್ಟಿಂಗ್ ಬರೆದಿಟ್ಟುಕೊಂಡಿದ್ದೆನಾ? ಇಲ್ಲ, ಅದೂ ಫಾರ್ಮ್ಯಾಟ್ ಜೊತೆ ಹೋಗಿತ್ತು. ಅದು ಸರಿಹೋಗೋ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಅಲ್ಲಿವರೆಗೆ ಗೌಡರ ಮಗಳು ಕೈಯಲ್ಲೇ ಚೀಟಿ ಬರೆದಳು. ಚೀಟಿಗಳ ಫೈಲ್ ಡಿ ಡ್ರೈವ್‌ನಲ್ಲಿದ್ದದ್ದಕ್ಕೆ ಬಚಾವಾದೆ, ಇಲ್ಲದಿದ್ದರೆ ಆ ಊರಿಗೆ ಮತ್ತೆ ಕಾಲಿಡುವ ಹಾಗಿರಲಿಲ್ಲ.

ಡ್ರೈವರ್ ಅಪ್‌ಡೇಟರ್ ಅಂತ ಸಿಗೋ ಸಾಫ್ಟ್‌ವೇರ್‌ಗಳ ಹತ್ತಿರವಂತೂ ಸುಳಿಯಬೇಡಿ. ನಿಮಗೆ ಬೇಕಿರೋದು ಹೊಸದಲ್ಲ, ನಿನ್ನೆಯದು. ಮೊದಲು ರೋಲ್ ಬ್ಯಾಕ್ ಒತ್ತಿ. ಬಟನ್ ಮಸುಕಾಗಿದ್ದರೆ ಪಟ್ಟಿಯಿಂದ ಹಳೇ ಆವೃತ್ತಿ ಆರಿಸಿ. ಕೇಬಲ್ಲನ್ನ ಯಾವಾಗಲೂ ಅದೇ ಯುಎಸ್‌ಬಿ ಪೋರ್ಟ್‌ಗೇ ಚುಚ್ಚಿ, ಬೇರೆ ಕಡೆ ಹಾಕಿದರೆ ಕಾಮ್ ನಂಬರ್ (ವಿಂಡೋಸ್ ಆ ಸೀರಿಯಲ್ ಪೋರ್ಟ್‌ಗೆ ಕೊಡೋ ಸಂಖ್ಯೆ) ಬದಲಾಗಿ ಇನ್ನೊಂದು ತಲೆನೋವು ಶುರುವಾಗಬಹುದು. ವಾರದ ಮೇಲೆ ನಾನು 450 ರೂಪಾಯಿ ಕೊಟ್ಟು ಬೇರೆ ಚಿಪ್ಪಿನ ಕೇಬಲ್ ತಂದು ಹಾಕಿದೆ. ಗೌಡರ ಹತ್ತಿರ ದುಡ್ಡು ಕೇಳೋಕೆ ಮುಖ ಇರಲಿಲ್ಲ.