ಡೆಕಾಲ್ ಬೆಳ್ಳಗಾದರೆ ಮೊದಲು ಬಣ್ಣವನ್ನು ನೋಡಿ

ಪ್ರಶ್ನೆ: 1:24 ಅಳತೆಯ ಫೋರ್ಡ್ ಜಿಟಿ40 ಕಾರಿನ ಪ್ಲಾಸ್ಟಿಕ್ ಕಿಟ್ ಜೋಡಿಸುತ್ತಿದ್ದೇನೆ, ಇದೇ ನನ್ನ ಮೊದಲ ಮಾದರಿ. ಜುಲೈ ತಿಂಗಳಲ್ಲಿ ತಿಳಿನೀಲಿ ಲ್ಯಾಕರ್ ಬಣ್ಣವನ್ನು ಸ್ಪ್ರೇ ಕ್ಯಾನ್‌ನಿಂದ ಹೊಡೆದೆ. ಒಣಗಿದ ಮೇಲೆ ಮೈಯೆಲ್ಲ ಮಂಜು ಕವಿದಂತೆ ಮಬ್ಬಾಯಿತು. ಅದರ ಮೇಲೆ ಡೆಕಾಲ್ (ಅಕ್ಷರ, ಚಿತ್ರಗಳನ್ನು ಅಚ್ಚೊತ್ತಿದ, ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಪೊರೆ) ಅಂಟಿಸಿದಾಗ ಅಕ್ಷರಗಳ ನಡುವಿನ ಪಾರದರ್ಶಕ ಭಾಗ ಬೆಳ್ಳಿಯಂತೆ ಹೊಳೆಯತೊಡಗಿತು. ಡೆಕಾಲ್ ಹಾಳೆಯೇ ಕಳಪೆಯೆ?
— ಓದುಗರೊಬ್ಬರು, ಉಡುಪಿ

ಉತ್ತರ: ಹಾಳೆಯಲ್ಲಿ ದೋಷವಿರುವ ಸಾಧ್ಯತೆ ಕಡಿಮೆ. ನೀವು ಹೇಳಿರುವ ಎರಡೂ ತೊಂದರೆಗಳ ಮೂಲ ಬಣ್ಣದ ಮೇಲ್ಮೈಯಲ್ಲಿದೆ. ಲ್ಯಾಕರ್‌ನಲ್ಲಿರುವ ದ್ರಾವಕ ಬಹುಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಕರಾವಳಿಯ ಮಳೆಗಾಲದ ಗಾಳಿಯಲ್ಲಿ ತುಂಬಿಕೊಂಡಿರುವ ತೇವ ಆ ತಂಪಿನ ಮೇಲೆ ಹನಿಗಟ್ಟಿ, ಬಣ್ಣದೊಳಗೆ ಸೇರಿ ಅದನ್ನು ಬಿಳಿಚಿಸುತ್ತದೆ. ಹೀಗೆ ಮಬ್ಬಾದ ಮೈ ಕಣ್ಣಿಗೆ ನಯವಾಗಿ ಕಂಡರೂ ಸೂಕ್ಷ್ಮವಾಗಿ ತರಿತರಿಯಾಗಿರುತ್ತದೆ. ಡೆಕಾಲ್‌ನ ತೆಳು ಪೊರೆ ಆ ಉಬ್ಬುಗಳ ತುದಿಯ ಮೇಲಷ್ಟೇ ಕೂರುವುದರಿಂದ ಅಡಿಯಲ್ಲಿ ಗಾಳಿ ಉಳಿಯುತ್ತದೆ. ಬೆಳಕು ಬಿದ್ದಾಗ ಬೆಳ್ಳಿಯಂತೆ ಹೊಳೆಯುವುದು ಆ ಗಾಳಿಯೇ. ಹವ್ಯಾಸಿಗಳು ಇದನ್ನು ಸಿಲ್ವರಿಂಗ್ ಎನ್ನುತ್ತಾರೆ.

ಈಗಾಗಲೇ ಅಂಟಿಸಿರುವುದನ್ನು ಕಿತ್ತುಹಾಕಬೇಡಿ. ಬೆಳ್ಳಗಾದ ಜಾಗದಲ್ಲಿ ಸೂಜಿಮೊನೆಯಿಂದ ನಾಲ್ಕಾರು ಕಡೆ ಹಗುರವಾಗಿ ಚುಚ್ಚಿ, ಡೆಕಾಲ್ ಮೆದುಗೊಳಿಸುವ ದ್ರಾವಣವನ್ನು ಕುಂಚದ ತುದಿಯಿಂದ ಸವರಿ. ಪೊರೆ ಸ್ವಲ್ಪ ಹೊತ್ತು ಸುಕ್ಕುಗಟ್ಟುತ್ತದೆ. ಆಗ ಗಾಬರಿಯಿಂದ ಬೆರಳು ಇಡುವವರೇ ಹೆಚ್ಚು, ದಯವಿಟ್ಟು ಮುಟ್ಟಬೇಡಿ. ಒಣಗುತ್ತ ಅದು ತಾನಾಗಿಯೇ ಮೇಲ್ಮೈಗೆ ಎಳೆದುಕೊಳ್ಳುತ್ತದೆ. ಒಂದು ಸಲಕ್ಕೆ ಸಾಲದಿದ್ದರೆ ಮರುದಿನ ಮತ್ತೊಮ್ಮೆ ಮಾಡಬಹುದು.

ಇನ್ನೂ ಡೆಕಾಲ್ ಕೂರದ ಭಾಗಗಳಿಗೆ ಬೇರೆ ದಾರಿಯಿದೆ. ಮಳೆ ಬಿಟ್ಟು ಒಣಹವೆಯಿರುವ ದಿನ ಅದೇ ಲ್ಯಾಕರ್‌ನ ಒಂದು ತೆಳುಪದರವನ್ನು ಹೊಡೆದರೆ ಅದು ಕೆಳಗಿನ ಪದರವನ್ನು ಸ್ವಲ್ಪ ಕರಗಿಸಿ, ಸಿಕ್ಕಿಕೊಂಡ ತೇವಕ್ಕೆ ದಾರಿ ಬಿಡುವುದರಿಂದ ಮಬ್ಬು ಸಾಮಾನ್ಯವಾಗಿ ಕಳೆಯುತ್ತದೆ. ಸ್ಪ್ರೇ ಕ್ಯಾನನ್ನು ಮೊದಲು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಹನಿಗಳು ನುಣ್ಣಗೆ ಬರುತ್ತವೆ. ಕುದಿನೀರನ್ನಾಗಲಿ ಒಲೆಯನ್ನಾಗಲಿ ಹತ್ತಿರ ತರಲೇಬಾರದು, ಕ್ಯಾನ್ ಸಿಡಿಯುತ್ತದೆ. ಸುಮಾರು 20 ಸೆಂಟಿಮೀಟರ್ ದೂರದಿಂದ, ಕಾರಿನ ಹೊರಗೇ ಗುಂಡಿ ಒತ್ತಿ, ಕೈ ನಿಲ್ಲಿಸದೆ ಸಾಗಿ, ಆಚೆ ಬದಿ ದಾಟಿದ ಮೇಲೆ ಬಿಡಿ. ಮೊದಲ ಎರಡು ಪದರಗಳಲ್ಲಿ ಕೆಳಗಿನ ಬಣ್ಣ ಇನ್ನೂ ಕಾಣುತ್ತಿರಬೇಕು. ಪೂರ್ತಿ ಮುಚ್ಚುವ ಆತುರದಿಂದಲೇ ಬಣ್ಣ ಸೋರುತ್ತದೆ.

ನಿಮ್ಮ ಕಾರಿನ ಬಗ್ಗೆ ಒಂದು ಮಾತು. 1968 ಮತ್ತು 1969ರ ಲೆ ಮಾನ್ 24 ಗಂಟೆಗಳ ಓಟವನ್ನು ಎರಡು ವರ್ಷವೂ ಗೆದ್ದದ್ದು ಒಂದೇ ಕಾರು, 1075 ಸಂಖ್ಯೆಯ ಚಾಸಿಯ ಜಿಟಿ40. ಮೊದಲ ವರ್ಷ ಅದರ ಮೇಲೆ 9, ಮರುವರ್ಷ 6 ಎಂಬ ಅಂಕೆಯಿತ್ತು. ಅದರ ಸೊಬಗೆಲ್ಲ ತಿಳಿನೀಲಿಯ ನಡುವೆ ಹರಿಯುವ ಕಿತ್ತಳೆ ಪಟ್ಟಿಯಲ್ಲಿದೆ. ಕಿತ್ತಳೆ ಬಣ್ಣಕ್ಕೆ ಮುಚ್ಚುವ ಶಕ್ತಿ ಕಡಿಮೆ. ನೀಲಿಯ ಮೇಲೆ ನೇರವಾಗಿ ಹಚ್ಚಿದರೆ ಕೊಳಕಾಗಿ ಕಾಣುತ್ತದೆ. ಪಟ್ಟಿಯನ್ನು ಬಣ್ಣದಲ್ಲೇ ಮಾಡುವುದಾದರೆ ಮೊದಲು ಬಿಳಿ, ಅದರ ಮೇಲೆ ಕಿತ್ತಳೆ, ಅದು ಚೆನ್ನಾಗಿ ಒಣಗಿದ ಮೇಲೆ ಮಾಸ್ಕಿಂಗ್ ಟೇಪ್, ಕೊನೆಗೆ ನೀಲಿ. ಬಾನೆಟ್‌ನ ಉಬ್ಬುತಗ್ಗುಗಳ ಮೇಲೆ ಉದ್ದನೆಯ ಡೆಕಾಲ್ ಪಟ್ಟಿಯನ್ನು ನೇರವಾಗಿ ಕೂರಿಸುವುದು ಹೊಸಬರಿಗೆ ಕಷ್ಟವಾದ್ದರಿಂದ ನಾನು ಈ ದಾರಿಯನ್ನೇ ಸೂಚಿಸುತ್ತೇನೆ.

ಪ್ರಶ್ನೆ: ಸ್ಪ್ರೇ ಕ್ಯಾನ್‌ಗಳು ದುಬಾರಿ. ಕುಂಚದಿಂದಲೇ ಕಾರಿನ ಮೈಗೆ ಬಣ್ಣ ಹಚ್ಚಬಹುದೆ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಹಚ್ಚಬಹುದು. ಎನಾಮಲ್ ಬಣ್ಣ ನಿಧಾನವಾಗಿ ಒಣಗುವುದರಿಂದ ಕುಂಚದ ಗೆರೆಗಳು ತಾವೇ ಹರಡಿ ಮಟ್ಟವಾಗುತ್ತವೆ. ಮೊದಲ ಪ್ರಯತ್ನಕ್ಕೆ ಅದೇ ಅನುಕೂಲ. ಅಗಲವಾದ, ಮೆತ್ತನೆಯ ಚಪ್ಪಟೆ ಕುಂಚ ಬಳಸಿ, ತೆಳುವಾಗಿ ಎರಡು ಮೂರು ಪದರ ಹಚ್ಚಿ. ಒಣಗತೊಡಗಿದ ಜಾಗಕ್ಕೆ ಮತ್ತೆ ಕುಂಚ ತಾಗಿಸಬೇಡಿ. ಆದರೆ ಎನಾಮಲ್ ಮೇಲೆ ಮುಂದೆಂದೂ ಲ್ಯಾಕರ್ ಹೊಡೆಯಬಾರದು, ಕೆಳಗಿನ ಪದರ ಸುಕ್ಕುಗಟ್ಟಿ ಬಿರಿಯುತ್ತದೆ. ಚೆನ್ನಾಗಿ ಒಣಗಿದ ಲ್ಯಾಕರ್ ಮೇಲೆ ಎನಾಮಲ್ ಹಚ್ಚಲು ಅಡ್ಡಿಯಿಲ್ಲ.

ಯಾವ ಬಣ್ಣವಾದರೂ ಮೊದಲ ಕೆಲಸ ತೊಳೆಯುವುದು. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಪ್ಲಾಸ್ಟಿಕ್ ಮೇಲೆ ಉಳಿದಿರಬಹುದು. ಪಾತ್ರೆ ತೊಳೆಯುವ ದ್ರವವನ್ನು ಉಗುರುಬೆಚ್ಚಗಿನ ನೀರಿಗೆ ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಒಣಗಿಸಿ. ಅಚ್ಚಿನ ಗೆರೆಗಳನ್ನು 1000 ನಂಬರಿನ ವಾಟರ್ ಪೇಪರ್‌ನಿಂದ ಒದ್ದೆಯಾಗಿ ತಿಕ್ಕಿ, ನಂತರ ಪ್ರೈಮರ್ (ಬಣ್ಣ ಚೆನ್ನಾಗಿ ಹಿಡಿಯಲೆಂದು ಕೊಡುವ ತಳಪದರ) ಹೊಡೆಯಿರಿ. ಕೆಂಪು ಪ್ಲಾಸ್ಟಿಕ್ ಮೇಲೆ ಬಿಳಿ ಬಣ್ಣ ಹಚ್ಚುವವರು ವಿಶೇಷವಾಗಿ ಎಚ್ಚರವಹಿಸಬೇಕು, ಏಕೆಂದರೆ ಕೆಂಪು ಮೇಲಕ್ಕೆ ಒಸರಿ ಬಿಳಿಯನ್ನು ಗುಲಾಬಿಯಾಗಿಸುತ್ತದೆ. ನಡುವೆ ಬೆಳ್ಳಿಬಣ್ಣದ ಪದರ ಕೊಟ್ಟರೆ ಅದನ್ನು ತಡೆಯಬಹುದು.

ಪ್ರಶ್ನೆ: ಡೆಕಾಲ್‌ಗಳ ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಮೇಲ್ಪದರ) ಹೊಡೆದಾಗ ಅವು ಮುದುಡಿದವು. ಏಕೆ?
— ಓದುಗರೊಬ್ಬರು, ಮೈಸೂರು

ಉತ್ತರ: ಲ್ಯಾಕರ್ ಕ್ಲಿಯರನ್ನು ಮೊದಲ ಸಲವೇ ಒದ್ದೆಯಾಗಿ ಹೊಡೆದಿರಬೇಕು, ಅದರ ದ್ರಾವಕ ಪೊರೆಯನ್ನು ಕಚ್ಚಿದೆ. ಡೆಕಾಲ್ ಅಂಟಿಸಿದ ಮೇಲೆ ಕನಿಷ್ಠ ಒಂದು ದಿನ, ಮಳೆಗಾಲದಲ್ಲಿ ಎರಡು ಮೂರು ದಿನ ಕಾಯಿರಿ. ಮೇಲೆ ಉಳಿದ ಅಂಟಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಬಳಿಕ ಹಬೆ ತಾಗಿದಷ್ಟು ತೆಳುವಾದ ಪದರಗಳನ್ನು ಅರ್ಧ ಗಂಟೆಗೊಂದರಂತೆ ಮೂರು ಬಾರಿ ಕೊಟ್ಟು, ಆಮೇಲಷ್ಟೇ ತುಂಬು ಪದರಕ್ಕೆ ಹೋಗಿ. ಮೂಗಿನ ಬಳಿ ಹಿಡಿದಾಗ ಥಿನ್ನರ್ ವಾಸನೆ ಬರುತ್ತಿದ್ದರೆ ಬಣ್ಣ ಒಳಗೆ ಇನ್ನೂ ಹಸಿಯಿದೆ ಎಂದೇ ತಿಳಿಯಿರಿ; ಪಾಲಿಶ್ ಮಾಡುವ ಹೊತ್ತು ಇನ್ನೂ ಬಂದಿಲ್ಲ.