ಮೊದ್ಲು ಕುದುರೆ ಬಾಯಿ ನೋಡಿ ತಂಗೆಮ್ಮ

ಈ ವಾರ ಸೈಟಿನ ಜಗಳ, ಅತ್ತೆ ಸೊಸೆ ಜಗಳ ಎಲ್ಲಾ ಪಕ್ಕಕ್ಕಿಟ್ಟೆ. ದಾವಣಗೆರೆ ವಿದ್ಯಾನಗರದ ತಂಗೆಮ್ಮ ಒಬ್ರು ಕುದುರೆ ಬಗ್ಗೆ ಬರ್ದಿದಾರೆ, ಓದಿ ಮೈ ಉರೀತು. ಅವ್ರ ಮೇಲಲ್ಲ.

ವಿಷಯ ಇಷ್ಟು. ತವರು ಚಿತ್ರದುರ್ಗ, ವಯಸ್ಸು 36, ಕಾಲೇಜಲ್ಲಿ ಪಾಠ ಮಾಡ್ತಾರೆ. ಆನಗೋಡು ಕಡೆ ಭಾವನ ಅಡಿಕೆ ತೋಟದಲ್ಲಿ ಒಂದು ಹೆಣ್ಣು ಕುದುರೆ ಇದೆ, ಮೊದ್ಲು ಮದುವೆ ಮೆರವಣಿಗೆಗೆ ಹೋಗ್ತಿದ್ದದ್ದು. ಭಾನುವಾರ ಭಾನುವಾರ ಹೋಗಿ ಕಲಿತು ಚೆನ್ನಾಗೇ ಓಡಿಸ್ತಿದ್ರು. ದೀಪಾವಳೀಲಿ ಯಾರೋ ಪಟಾಕಿ ಹಚ್ಚಿದ್ರು, ಕುದುರೆ ಬೆದರ್ತು, ಇವ್ರು ಬಿದ್ದು ಕಾಲರ್ ಬೋನ್ ಮುರ್ಕೊಂಡ್ರು. ಈಗ ಮೂಳೆ ಕೂಡಿದೆ, ಡಾಕ್ಟ್ರೂ ಹೂಂ ಅಂದಿದಾರೆ, ಆದ್ರೆ ಹತ್ತಿದ ಕೂಡ್ಲೇ ಮೈ ಮುಂದಕ್ಕೆ ಮುದುಡುತ್ತೆ, ಹಿಮ್ಮಡಿ ಮೇಲೇಳುತ್ತೆ, ಕೈ ಬಿಗಿಯಾಗುತ್ತೆ, ಕುದುರೆ ತಲೆ ಎತ್ತೆತ್ತಿ ಕೊಡವುತ್ತೆ. ಭಾವ ಬೇಲಿ ಹತ್ರ ನಿಂತು ವಿಡಿಯೋ ಮಾಡ್ತಾ "ಹಿಮ್ಮಡಿ ಕೆಳಗೆ, ಬೆನ್ನು ನೆಟ್ಟಗೆ, ಓಬವ್ವನ ಊರೋಳು ನೀನು" ಅಂತ ಕೂಗ್ತಾರೆ, ಆ ವಿಡಿಯೋ ಫ್ಯಾಮಿಲಿ ಗ್ರೂಪಿಗೂ ಹೋಗುತ್ತೆ. ಯಜಮಾನ್ರು ಸಾಕು ಬಿಡು ಅಂತಾರೆ. ಭಂಗಿ ಸರಿ ಮಾಡ್ಕೊಳ್ಳೋದು ಹೇಗೆ, ಲಗಾಮನ್ನ ಹಗುರವಾಗಿ ಹಿಡಿಯೋದು ಹೇಗೆ, ಇಲ್ಲಾ ಬಿಟ್ಟೇ ಬಿಡ್ಲಾ ಅನ್ನೋದು ಪ್ರಶ್ನೆ.

ಕಾಗದದ ಕೊನೇಲಿ, ಹೇಳ್ಲೋ ಬೇಡ್ವೋ ಅನ್ನೋ ಹಂಗೆ ಒಂದು ಸಾಲು: "ಬಿದ್ದ ಮೇಲೆ ಸೇಫ್ಟಿಗೆ ಅಂತ ಭಾವ ಹಳೇ ಮದುವೆ ಲಗಾಮನ್ನೇ ವಾಪಸ್ ಹಾಕಿದಾರೆ, ಬಾಯೊಳಗಿನ ಕಬ್ಬಿಣಕ್ಕೆ ಸ್ವಲ್ಪ ಮುಳ್ಳಿದೆ, ಆದ್ರೂ ಕುದುರೆ ಕೇಳ್ತಿಲ್ಲ."

ಸ್ವಲ್ಪ ಮುಳ್ಳಂತೆ!

ಕುದುರೆಗೆ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ ಇರುತ್ತೆ, ಕಬ್ಬಿಣ ಕೂರೋದು ಅಲ್ಲೇ, ಅಲ್ಲಿ ಮೂಳೆ ಮೇಲೆ ತೆಳ್ಳನೆ ಚರ್ಮ ಬಿಟ್ರೆ ಬೇರೇನೂ ಇಲ್ಲ. ಅಲ್ಲಿಗೆ ಮುಳ್ಳು ಹಾಕಿ, ಅದ್ರ ಇನ್ನೊಂದು ತುದೀನ ಹೆದರಿರೋರ ಕೈಗೆ ಕೊಟ್ರೆ ಅದು ತಲೆ ಕೊಡವದೆ ಏನ್ಮಾಡುತ್ತೆ? ಮುಳ್ಳಿದ್ರೂ ಕೇಳ್ತಿಲ್ಲ ಅಲ್ಲ ತಂಗೆಮ್ಮ, ಮುಳ್ಳಿರೋದಕ್ಕೇ ಕೇಳ್ತಿಲ್ಲ. ನಮ್ಮ ದೇಶದಲ್ಲಿ ಎಳೆಯೋ, ಹೊರೋ ಪ್ರಾಣಿಗಳ ಹಿಂಸೆ ತಡೆಯೋಕೆ 1965ರಲ್ಲೇ ನಿಯಮ ಆಗಿದೆ, ಸವಾರಿಗೆ ಮುಳ್ಳಿನ ಕಬ್ಬಿಣ ಹಾಕೋದು ಅದ್ರಲ್ಲಿ ನಿಷೇಧ. ಭಾವಂಗೆ ಇದನ್ನ ಮಾತ್ರ ಹೇಳಿ. ಆಮೇಲೆ ಓಬವ್ವ ಹಿಡಿದಿದ್ದು ಒನಕೆ, ಲಗಾಮಲ್ಲ, ಇದನ್ನೂ ಬೇಕಾದ್ರೆ ಹೇಳಿ.

ಇನ್ನು ನಿಮ್ಮ ಕೈ. ಯಾವಾಗ್ಲೂ ಹೇಳ್ತೀನಿ, ಮತ್ತೂ ಹೇಳ್ತೀನಿ, ಕೈ ಕೆಟ್ಟಿದೆ ಅಂದ್ರೆ ಕೂತಿರೋದು ಕೆಟ್ಟಿದೆ ಅಂತ. ಭಯ ಆದಾಗ ಮಂಡಿ ಜೀನನ್ನ ಕಚ್ಚಿ ಹಿಡಿಯುತ್ತೆ, ಒದ್ದೆ ಸೋಪನ್ನ ಮುಷ್ಟೀಲಿ ಅಮುಕಿದಂಗೆ ನೀವೇ ಮೇಲಕ್ಕೆ ಜಾರ್ತೀರಿ, ಬೀಳ್ದಿರೋಕೆ ಲಗಾಮು ಜಗ್ತೀರಿ, ಅಲ್ಲಿಗೆ ಕಾಲು ಹೋಗು ಅನ್ನುತ್ತೆ ಕೈ ನಿಲ್ಲು ಅನ್ನುತ್ತೆ, ಪಾಪ ಅದು ಯಾವುದನ್ನ ಕೇಳ್ಬೇಕು. ಹಗುರ ಹಿಡಿತ ಅಂದ್ರೆ ಲಗಾಮು ಜೋತಾಡೋಕೆ ಬಿಡೋದಲ್ಲ. ಜೋತಾಡೋ ಲಗಾಮು ಪಟ್ ಅಂತ ಬಿಗಿಯಾದಾಗ್ಲೇ ಹೊಡೆತ ಜಾಸ್ತಿ. ಮೊಣಕೈಯಿಂದ ಕುದುರೆ ಬಾಯಿವರೆಗೆ ನೇರ ಗೆರೆ ಇರ್ಬೇಕು, ಅದ್ರಲ್ಲಿ ಸಣ್ಣ ಬಿಗಿ ಒಂದೇ ಸಮ ಇರ್ಬೇಕು. ನಡೆಯುವಾಗ ಕುದುರೆ ತಲೆ ಹಿಂದೆ ಮುಂದೆ ಆಡುತ್ತೆ, ಮೊಣಕೈ ಅದ್ರ ಜೊತೆ ಹೋಗ್ಬೇಕು, ಟ್ರಾಟಲ್ಲಿ, ಅಂದ್ರೆ ಕುಲುಕೋಟದಲ್ಲಿ, ತಲೆ ಹೆಚ್ಚು ಆಡಲ್ಲ, ಅಲ್ಲಿ ಕೈಯೂ ಸುಮ್ನಿರ್ಬೇಕು. ಇದನ್ನ ಓದಿ ಯಾರೂ ಕಲಿಯಲ್ಲ ಬಿಡಿ, ಸೊಂಟ ಸಡಿಲ ಆದ್ರೆ ತಾನಾಗೇ ಬರುತ್ತೆ.

ಅದಕ್ಕೇ ನಾನು ಹೇಳೋದು ಒಂದೇ: ಒಂದು ತಿಂಗಳು ಲಗಾಮು ಮುಟ್ಟಬೇಡಿ.

ಆ ಕಬ್ಬಿಣ ತೆಗೆಸಿ, ವೆಟರ್ನರಿ ಡಾಕ್ಟ್ರಿಗೆ ಬಾಯಿ ತೋರಿಸಿ, ಗಾಯ ಇದ್ರೆ ಮಾಯೋವರೆಗೂ ಬಾಯಿಗೆ ಏನೂ ಹಾಕಬೇಡಿ. ಮೂಗುಪಟ್ಟಿಗೆ ಉದ್ದ ಹಗ್ಗ ಕಟ್ಟಿ, ಗೊತ್ತಿರೋರು ಒಬ್ರು ನಡುವೆ ನಿಂತು, ಸುಮಾರು 20 ಮೀಟರ್ ಅಗಲದ ಸುತ್ತಲ್ಲಿ ಕುದುರೇನ ನಡೆಸ್ಲಿ, ನೀವು ಸುಮ್ನೆ ಕೂತ್ಕೊಳಿ. ಕುದುರೆ ಕುತ್ತಿಗೆಗೆ ಒಂದು ಬೆಲ್ಟ್ ಹಾಕ್ಸಿ, ಹೆದರಿಕೆ ಆದಾಗ ಅದನ್ನ ಹಿಡ್ಕೊಳ್ಳಿ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೇಲಿ ಬರ್ಲಿ, ಕಣ್ಣು ಕುದುರೆ ಕಿವಿಯಾಚೆ ಇರ್ಲಿ. ಬಾಯ್ಬಿಟ್ಟು ಯಾವುದಾದ್ರೂ ಬೀಸೋಕಲ್ಲಿನ ಪದ ಹಾಡಿ, ಹಾಡೋವಾಗ ಉಸಿರು ಕಟ್ಟಿ ಹಿಡಿಯೋಕಾಗಲ್ಲ. ಇದು ಅವಮಾನ ಅಂತ ಅಂದ್ಕೋಬೇಡಿ, ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲು 450 ವರ್ಷಕ್ಕೂ ಹಳೇದು, ಅಲ್ಲೂ ಹೊಸಬ್ರನ್ನ ತಿಂಗಳುಗಟ್ಟಲೆ ಲಗಾಮೂ ಇಲ್ದೆ ಕಾಲಿಡೋ ರಿಕಾಪೂ ಇಲ್ದೆ ಹೀಗೇ ಕೂರಿಸ್ತಾರೆ.

ಬಿದ್ದಾಗ ಹಾಕಿದ್ದ ಹೆಲ್ಮೆಟ್ ನೆಲಕ್ಕೆ ಬಡಿದಿದ್ರೆ ಹೊಸದು ತಗೊಳ್ಳಿ, ನೋಡೋಕೆ ಚೆನ್ನಾಗಿದ್ರೂ ಸರಿ.

ನಿಮ್ಮ ಯಜಮಾನ್ರ ಮೇಲೆ ನಂಗೆ ಸಿಟ್ಟಿಲ್ಲ, ಹೆಂಡ್ತಿ ಮೂಳೆ ಮುರ್ಕೊಂಡು ಮಲಗಿದ್ದನ್ನ ನೋಡಿದಾರೆ, ಹಂಗನ್ನೋದು ಸಹಜ. ಅವರನ್ನೂ ಭಾನುವಾರ ತೋಟಕ್ಕೆ ಕರ್ಕೊಂಡು ಹೋಗಿ. ಹಗ್ಗ ಹಿಡಿಯೋಕೆ ಕುದುರೆ ನೋಡ್ಕೊಳ್ಳೋ ಹುಡುಗನ್ನ ನಿಲ್ಲಿಸಿ, ಭಾವನ್ನ ಬೇಡ. ಅವ್ರು ಫೋನು ಒಳಗಿಟ್ಟು ಬರೋದಾದ್ರೆ ಮಾತ್ರ ಬೇಲಿ ಹತ್ರ ಬರ್ಲಿ.