ನಿದ್ದೆ ಮಾಡಿ ಎದ್ದರೂ ಸುಸ್ತು ಇಳಿಯುತ್ತಿಲ್ಲ

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿ ನಮ್ಮದು. ನನಗೆ 34 ವರ್ಷ. ನಾಲ್ಕು ತಿಂಗಳಿಂದ ವಿಪರೀತ ಸುಸ್ತು. ಬೆಳಗಿನ ಜಾವ ಮೂರಕ್ಕೇ ಎಚ್ಚರ. ಬಚ್ಚಲ ಒಲೆಗೆ ಬೆಂಕಿ ಹಾಕುವಷ್ಟರಲ್ಲೇ ಸಾಕಾಗಿರುತ್ತದೆ. ಅಡಿಕೆ ಸುಲಿಯಲು ಕೂತರೆ ಕೈ ಸೋಲುತ್ತದೆ. ರಕ್ತ, ಥೈರಾಯ್ಡ್, ಶುಗರ್ ಎಲ್ಲ ನಾರ್ಮಲ್. ಡಾಕ್ಟರು ಖಿನ್ನತೆ ಎಂದು ಮಾತ್ರೆ ಬರೆದುಕೊಟ್ಟರು. ಐದು ದಿನ ತಗೊಂಡು ಬಿಟ್ಟೆ. ಮನಸ್ಸಿನ ಕಾಯಿಲೆಗೆ ಮೈ ಯಾಕೆ ಸೋಲಬೇಕು? ‘ಕೂತಲ್ಲೇ ಕೂತರೆ ಇನ್ನೇನಾಗುತ್ತೆ’ ಅಂತಾರೆ ಅತ್ತೆ. ನಾನು ಮೈಗಳ್ಳಿಯಾಗಿಬಿಟ್ಟೆನಾ?

ಉತ್ತರ: ಖಂಡಿತ ಇಲ್ಲ, ತಂಗಿ. ಮೈಗಳ್ಳರಿಗೆ ಕೆಲಸ ಉಳಿಯಿತಲ್ಲ ಅನ್ನೋ ಸಂಕಟ ಇರುವುದಿಲ್ಲ. ನಿಮ್ಮ ಪತ್ರದ ತುಂಬ ಇರುವುದೇ ಅದು.

ಸುಸ್ತು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲೇ ಒಂದು. ನಮ್ಮ ಕಡೆ ಬೇಜಾರು ಅಂತ ಡಾಕ್ಟರ ಹತ್ತಿರ ಹೋಗುವವರು ಕಡಿಮೆ. ಮೈಕೈ ನೋವು, ತಲೆಭಾರ, ನಿಶ್ಶಕ್ತಿ ಅಂತಲೇ ಹೋಗುತ್ತಾರೆ.

ಮೂರಕ್ಕೇ ಎಚ್ಚರ ಅಂದಿರಲ್ಲ, ಅದನ್ನು ಹಗುರವಾಗಿ ತಗೋಬೇಡಿ. ಖಿನ್ನತೆಯಲ್ಲಿ ಗಾಢ ನಿದ್ದೆ ಕಡಿಮೆಯಾಗುತ್ತದೆ. ಮೈ ಸುಧಾರಿಸಿಕೊಳ್ಳುವುದು ಆ ನಿದ್ದೆಯಲ್ಲೇ. ಹಾಗಾಗಿ ಎಷ್ಟು ಹೊತ್ತು ಮಲಗಿದ್ದರೂ ಆಯಾಸ ಹೋಗುವುದಿಲ್ಲ. ಕೆಲಸಕ್ಕೆ ಕೈ ಹಚ್ಚುವ ಹುರುಪಿಗೆ ಮಿದುಳಿನಲ್ಲಿ ಡೋಪಮಿನ್‌ನಂಥ ರಾಸಾಯನಿಕಗಳು ಬೇಕು. ಅವುಗಳ ಕೆಲಸ ಏರುಪೇರಾದರೆ ನಾಲ್ಕು ಪಾತ್ರೆ ತೊಳೆಯುವುದೂ ದೊಡ್ಡ ಹೊರೆ ಅನ್ನಿಸುತ್ತದೆ. ಇನ್ನು ಕೆಲವರಲ್ಲಿ, ಸೋಂಕು ತಗಲಿದಾಗ ದೇಹದಲ್ಲಿ ಏಳುವಂಥ ಉರಿಯೂತ ಸಣ್ಣ ಮಟ್ಟದಲ್ಲಿ ಸುಮ್ನೆ ಮುಂದುವರಿಯುತ್ತಿರುತ್ತದೆ. ಜ್ವರ ಬಂದ ದಿನ ಚಾಪೆ ಬಿಟ್ಟು ಏಳಲು ಆಗುವುದಿಲ್ಲ, ಅಲ್ವಾ? ಆಗ ಯಾರೂ ಮೈಗಳ್ಳಿ ಅನ್ನುವುದಿಲ್ಲ. ಊಟ ಸೇರದೆ, ಓಡಾಟ ನಿಂತು ಸ್ನಾಯುಗಳ ಬಲ ಇಳಿದರೆ ಸುಸ್ತು ಮತ್ತೂ ಜಾಸ್ತಿ.

ಮಾತ್ರೆಯ ವಿಷಯ. ಐದು ದಿನ ಏನೇನೂ ಸಾಲದು. ಈ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ನೀವೇ ಮತ್ತೆ ಶುರುಮಾಡಬೇಡಿ. ಅದೇ ಡಾಕ್ಟರ ಹತ್ತಿರ ಹೋಗಿ, ಬಿಟ್ಟಿದ್ದು ಯಾಕೆ ಅಂತ ಹೇಳಿ. ಬೇಸರ ಕಡಿಮೆಯಾದರೂ ಕೆಲವರಿಗೆ ಸುಸ್ತು ಉಳಿದುಕೊಳ್ಳುತ್ತದೆ. ಹಾಗಾದರೆ ಅದನ್ನೂ ತಿಳಿಸಿ. ಮಾತ್ರೆ ಬದಲಿಸುವ ದಾರಿ ಇದೆ.

ಹುರುಪು ಬರಲಿ, ಆಮೇಲೆ ಏಳೋಣ ಅಂತ ಕಾಯಬೇಡಿ. ಖಿನ್ನತೆಯಲ್ಲಿ ಕೆಲಸ ಮೊದಲು, ಹುರುಪು ಆಮೇಲೆ. ರಾಶಿ ಅಡಿಕೆ ನೋಡಬೇಡಿ, ಹತ್ತು ನಿಮಿಷ ಸುಲಿದು ಎದ್ದುಬಿಡಿ. ಬಿಸಿಲು ಏರುವ ಮೊದಲು ದಣಪೆಯವರೆಗೆ ನಡೆದು ಬನ್ನಿ. ಅಷ್ಟೂ ಆಗದ ದಿನ ಜಗಲಿಯಲ್ಲಿ ಬೆಳಕಿಗೆ ಕೂರಿ.

ಬದುಕೇ ಬೇಡ ಅನ್ನಿಸಿದರೆ ಒಂದು ಗಳಿಗೆಯೂ ತಡಮಾಡದೆ ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಡಾಕ್ಟರ ಹತ್ತಿರ ಹೋಗುವಾಗ ಗಂಡನನ್ನೂ ಕರೆದುಕೊಂಡು ಹೋಗಿ. ಎಲ್ಲ ಅವರ ಕಿವಿಗೇ ಬೀಳಲಿ. ಅತ್ತೆಗೆ ತಿಳಿಸಿ ಹೇಳುವ ಕೆಲಸ ಅವರು ಮಾಡಲಿ. ಸದ್ಯ ನಿಮಗೆ ಅದೊಂದು ಭಾರ ಬೇಡ.